ಮೂವತ್ತೆರಡು ಸೆಂಟಿಮೀಟರು

ಮೂರನೆಯ ಗುಂಡಿಯಲ್ಲೂ ಒಂದೂ ಇಟ್ಟಿಗೆ ಚೂರು ಸಿಗಲಿಲ್ಲ. ಸರ್ವೇಯರ್ ಷಿ-ಯುವಾನ್ ಗುದ್ದಲಿ ಬಿಸಾಕಿ ಬೆವರು ಒರೆಸಿಕೊಂಡ. ತೋಟದ ಒಡತಿ ಪಾನ್ ಅಜ್ಜಿ ಜಂಬು ಹಣ್ಣಿನ ಮರದಡಿ ಕೂತು ನೋಡುತ್ತಿದ್ದಳು. ಬೆಳಿಗ್ಗೆ ಅವನ ಕಾರಿನ ಮೇಲೆ ಪಾತ್ರೆ ತೊಳೆದ ನೀರು ಎರಚಿದ್ದೂ ಅವಳೇ.

"ಇನ್ನೆಷ್ಟು ತೋಡ್ತೀಯ? ನನ್ನ ಗಂಡನ್ನ ಹೂತಿರೋ ಕಡೇನೂ ಬಗೀತೀಯಾ?"

"ಮಣ್ಣು ಎಲ್ಲಿಂದ ತರಿಸಿದ್ರಿ ಅಂತ ಹೇಳ್ಬಿಡಿ ಅಜ್ಜಿ. ನನ್ನ ಕೆಲಸ ಮುಗಿಯುತ್ತೆ."

"ಒಂದು ಬುಟ್ಟಿ ಮಣ್ಣೂ ತಂದಿಲ್ಲ ಕಣೋ. ನೆಲದಿಂದ ತೆಗೀತಿರೋರು ಯಾರು ಅಂತ ಮನೆಗೆ ಹೋಗಿ ನಿಮ್ಮಪ್ಪನ್ನ ಕೇಳು."

ಶುರುವಾಯಿತು ಹಳೇ ರಾಗ. ಕಡಲ ದಂಡೆಯಲ್ಲಿ ಷಿ-ಯುವಾನನ ಅಪ್ಪನ ಮೀನುಕೊಳಗಳಿದ್ದವು. ಅಲ್ಲಿಯ ಪಂಪುಗಳು ತನ್ನ ಬಾವಿಯನ್ನು ಬತ್ತಿಸಿದವೆಂದು ಅಜ್ಜಿ ಇಪ್ಪತ್ತು ವರ್ಷದಿಂದ ಜಿಲ್ಲಾಕೇಂದ್ರ ಪಿಂಗ್ತುಂಗ್‌ವರೆಗೂ ಹೋಗಿ ದೂರು ಕೊಟ್ಟು ಬಂದವಳು. ಈ ಸಲ ದೂರು ಕೊಟ್ಟವನು ಅಪ್ಪ. ಮುದುಕಿ ಕದ್ದುಮುಚ್ಚಿ ಮಣ್ಣು ಸುರಿಸಿ ತೋಟ ಏರಿಸಿದ್ದಾಳೆ, ಮಳೆನೀರೆಲ್ಲ ಕೆಳಗಿರುವ ನಮ್ಮ ಅಂಗಳಕ್ಕೆ ನುಗ್ಗುತ್ತಿದೆ ಎಂದು. ಅದೂ ಸುಳ್ಳಲ್ಲ. ಅಪ್ಪ ಮನೆಯ ಹೊಸ್ತಿಲನ್ನು ಎರಡು ಸಲ ಎತ್ತರಿಸಿದ್ದ. ಆದರೂ ನೀರು ಒಳಗೆ ಬರುತ್ತಿತ್ತು.

ಷಿ-ಯುವಾನ್ ಲ್ಯಾಪ್‌ಟಾಪ್ ತೆರೆದು ಅವಳ ಮುಂದೆ ಹಿಡಿದ.

"ಇದು ಆರು ವರ್ಷದ ಹಿಂದೆ ಡ್ರೋನ್ ಹಾರಿಸಿ ಅಳೆದ ನೆಲ. ಇದು ಹೋದ ವಾರದ್ದು. ಒಂದರ ಮೇಲೊಂದಿಟ್ಟು ಕಳೆದ್ರೆ, ಏರಿದ ಕಡೆ ಕೆಂಪು, ಇಳಿದ ಕಡೆ ನೀಲಿ. ನೋಡಿ, ನಿಮ್ಮ ತೋಟ ಪೂರಾ ಕೆಂಪು. ಮೂವತ್ತೆರಡು ಸೆಂಟಿಮೀಟರು. ಸಾವಿರದ ಆರುನೂರು ಘನ ಮೀಟರ್ ಮಣ್ಣು."

"ಅಂದ್ರೆ?"

"ನೂರ ಅರವತ್ತು ಲಾರಿ."

"ನೂರ ಅರವತ್ತು ಲಾರಿ ಈ ಓಣೀಲಿ ಬಂದಿದ್ರೆ ನನ್ನ ನಾಯಿ ಬೊಗಳಿ ಬೊಗಳಿ ಸತ್ತೇ ಹೋಗ್ತಿತ್ತು," ಎಂದಳು ಅಜ್ಜಿ. ನಾಯಿ ಅವನ ಬೂಟನ್ನು ಮೂಸಿ ಆಕಳಿಸಿತು.

ಅವನು ನಗಲಿಲ್ಲ. ಕಟ್ಟಡದ ಕಸ ಸಿಗದಿದ್ದರೆ ಒಳ್ಳೆಯ ಮಣ್ಣನ್ನೇ ತರಿಸಿರಬೇಕು. ಮರದ ಬುಡಗಳು ಹೂತಿರಲಿಲ್ಲ. ಸುತ್ತ ಕೆರೆದು ಬಿಡಿಸಿಟ್ಟಿರಬೇಕು. ಮುದುಕಿ ಕಿಲಾಡಿ, ಎಲ್ಲೂ ಒಂದು ಬೆರಳಿನಷ್ಟು ಹೆಚ್ಚುಕಡಿಮೆಯಾಗದಂತೆ ಹರಡಿಸಿದ್ದಾಳೆ.

"ಸೋಮವಾರ ಯಂತ್ರ ಬರುತ್ತೆ. ಏರಿಸಿದ್ದಷ್ಟನ್ನೂ ಕೆರೆದು ಒಯ್ಯುತ್ತೆ."

ಅಜ್ಜಿಯ ಮುಖ ಬಿಳುಪೇರಿತು. ಜಂಬು ಮರದ ಬೇರು ಆಳಕ್ಕಿಳಿಯುವುದಿಲ್ಲ. ಒಂದಡಿ ಕೆರೆದರೆ ಅವಳು ಗಂಡನ ಜತೆ ನೆಟ್ಟ ನಲವತ್ತು ವರ್ಷದ ಮರಗಳು ಒಂದೂ ಉಳಿಯುವುದಿಲ್ಲ.

"ಚಿಕ್ಕೋನಿದ್ದಾಗ ಇದೇ ಮರದ ಹಣ್ಣು ತಿಂದು ಬೆಳೆದೋನು ನೀನು," ಎಂದಳು ಮೆಲ್ಲಗೆ. "ಹೋಗು. ನನ್ನ ಕಣ್ಣೆದುರು ನಿಲ್ಬೇಡ."

ಮಧ್ಯಾಹ್ನ ಅವನು ಅಪ್ಪನ ಅಂಗಳದ ಪಂಪುಮನೆಗೆ ಬಂದ. ಮೂರು ಪಂಪುಗಳು ನೆಲದಡಿಯ ನೀರನ್ನು ಎಡೆಬಿಡದೆ ಎತ್ತುತ್ತಿದ್ದವು. ಆಳದ ಗಟ್ಟಿ ನೆಲಕ್ಕೆ ಊರಿದ ಹಳೆಯ ಕೊಳವೆಬಾವಿಯ ಕಬ್ಬಿಣದ ಪೈಪಿನ ತುದಿಗೆ ಟೋಪಿ ನೇತುಹಾಕಿದ. ಹುಡುಗನಾಗಿದ್ದಾಗ ನೆಲಕ್ಕೆ ಕಾಲೂರಿ ಅದರ ಮೇಲೆ ಕೂರುತ್ತಿದ್ದ. ಈಗ ಅದು ಅವನ ಎದೆಯ ಮಟ್ಟಕ್ಕಿತ್ತು. ಪಂಪುಮನೆಯ ಹೊಸ್ತಿಲ ಕಲ್ಲಿನಲ್ಲಿ ಸರ್ವೆ ಕಚೇರಿಯವರು ಹೊಡೆದ ಹಿತ್ತಾಳೆ ಮೊಳೆ ಹೊಳೆಯುತ್ತಿತ್ತು. ಎರಡೂ ಅಳತೆಗೆ ಅವನು ಎತ್ತರ ಹಿಡಿದದ್ದು ಆ ಮೊಳೆಯಿಂದಲೇ, ಕಚೇರಿಯ ಪುಸ್ತಕದಲ್ಲಿ ಅದಕ್ಕೆ ಬರೆದಿಟ್ಟಿದ್ದ ಒಂದೇ ಹಳೆಯ ಅಂಕಿ ನಂಬಿ.

"ಸಹಿ ಹಾಕಿದೆಯೇನೋ?" ಎಂದ ಅಪ್ಪ, ಅಡಿಕೆ ಅಗಿಯುತ್ತ.

"ಒಂದು ಬಾಕಿ ಇದೆ. ಅಜ್ಜಿ ತನ್ನ ಮನೆ ಸುತ್ತಲೂ ಮಣ್ಣು ಹಾಕಿಸಿರ್ತಾಳೆ. ಅದನ್ನೂ ಸೇರಿಸ್ತೀನಿ."

"ಸೇರಿಸು, ಸೇರಿಸು. ಮುದುಕಿಗೆ ಒಂದು ಹಿಡಿಯೂ ಬಿಡ್ಬೇಡ."

ಲೆಕ್ಕದಿಂದ ಹೊರಗಿಟ್ಟಿದ್ದ ಅಜ್ಜಿಯ ಮನೆಯನ್ನು ಷಿ-ಯುವಾನ್ ಲ್ಯಾಪ್‌ಟಾಪಿನಲ್ಲಿ ಒಳಕ್ಕೆ ಸೇರಿಸಿ ಕೀಲಿ ಒತ್ತಿದ. ಅಂಗಳ ಕೆಂಪಾಯಿತು. ಕಲ್ಲುಕಟ್ಟಿದ ಬಾವಿಕಟ್ಟೆ ಕೆಂಪಾಯಿತು. ಗಂಡನ ಸಮಾಧಿ ಕೆಂಪಾಯಿತು. ಕೊನೆಗೆ ಅರವತ್ತು ವರ್ಷದ ಹಳೆಯ ಹೆಂಚಿನ ಮಾಡೂ ಕೆಂಪಾಯಿತು: ಮೂವತ್ತೆರಡು ಸೆಂಟಿಮೀಟರು, ಸರಿಯಾಗಿ. ಮಣ್ಣು ಸುರಿದು ಮಾಡನ್ನು ಯಾರೂ ಎತ್ತರಿಸಲಾರರು. ಅವನು ನಿಧಾನವಾಗಿ ತಲೆಯೆತ್ತಿ ಪೈಪಿನ ತುದಿಯಲ್ಲಿ ತೂಗುತ್ತಿದ್ದ ತನ್ನ ಟೋಪಿಯನ್ನು ನೋಡಿದ, ಆಮೇಲೆ ಕಾಲಬುಡದ ಮೊಳೆಯನ್ನು.

ಅಜ್ಜಿಯ ತೋಟ ಒಂದು ಕೂದಲೆಳೆಯಷ್ಟೂ ಏರಿರಲಿಲ್ಲ. ಪಂಪುಗಳು ಅಡಿಯ ನೀರು ಹೀರಿದಂತೆಲ್ಲ ಅಪ್ಪನ ಅಂಗಳವೇ ಆ ಮೊಳೆಯನ್ನೂ ಜತೆಗೆ ಎಳೆದುಕೊಂಡು ಮೂವತ್ತೆರಡು ಸೆಂಟಿಮೀಟರು ಕಡಲಿನ ಮಟ್ಟದತ್ತ ಕುಸಿದಿತ್ತು.