ಹಾಡಿನ ಕೊನೆಯ ಕೂಗು

ರೇಡಿಯೋದಲ್ಲಿ ತಮ್ಮದೇ ಹಾಡು ಶುರುವಾದೊಡನೆ ವರ್ನೀಸ್ ಮೇಜಿನ ಸುತ್ತ ಕೂತ ತಂಗಿಯರನ್ನು ದಿಟ್ಟಿಸಿದಳು. ಡೆಟ್ರಾಯಿಟ್ ಊರಿಗೆ ಊರೇ ಹುಚ್ಚೆದ್ದು ಕೇಳುತ್ತಿದ್ದ ಆ ಹಾಡಿನ ಕೊನೆಯ ಕೂಗು ಅವಳದಲ್ಲ. ಸ್ಟುಡಿಯೋದಲ್ಲಿ ಯಾರೋ ಅವಳ ದನಿ ಅಳಿಸಿ ತಮ್ಮದನ್ನು ಸೇರಿಸಿದ್ದರು.

"ನೀನೇನೇ ಒಡೆಸ್ಸಾ?"

"ಅಂಥಾ ಗಂಟಲಿದ್ದಿದ್ರೆ ನಿನ್ನ ಬೆನ್ನ ಹಿಂದೆ ನಿಂತು 'ಊ ಊ' ಅಂತಿದ್ನಾ ಅಕ್ಕಾ?"

ಮೀನು ಕರಿಯುತ್ತಿದ್ದ ಅಮ್ಮ ಒಲೆಯ ಮುಂದಿನಿಂದಲೇ ಗದರಿದಳು: "ಆರಿಸ್ರೇ ಅದನ್ನ! ದೇವರ ಹಾಡು ಬಿಟ್ಟು ಲೋಕದ ಹಾಡಿಗೆ ಬಾಯಿ ತೆಗೆಯೋದೇ ಪಾಪ."

ಯಾರೂ ಆರಿಸಲಿಲ್ಲ. ಹಾಡು ಆ ಕೊನೆಯ ಕೂಗಿನ ಹತ್ತಿರ ಬಂತು. ಅಮ್ಮನ ತುಟಿ ಬಿಗಿದೇ ಇತ್ತು. ಆದರೆ ಚರ್ಚಿನಲ್ಲಿ ಅವಳು ಹಾಡುತ್ತಾ ತಾರಸ್ವರಕ್ಕೆ ಏರುವಾಗ ಏಳುವಂತೆಯೇ ಅವಳ ಹಿಮ್ಮಡಿಗಳೆರಡೂ ನೆಲ ಬಿಟ್ಟು ಮೇಲೆದ್ದವು.

"ಅಮ್ಮಾ," ಎಂದಳು ವರ್ನೀಸ್.

ಅಮ್ಮ ತಿರುಗಲಿಲ್ಲ. ಹಿಮ್ಮಡಿಗಳು ಮೆಲ್ಲನೆ ನೆಲಕ್ಕಿಳಿದವು.