ಹಸಿರು ಪರದೆಯ ನಾಹೀದಾ

ಬಾಗಿಲಲ್ಲಿ ನಿಂತ ಮುದುಕನನ್ನು ನೋಡಿದ ಕೂಡಲೇ ಹಜರತಬೀಯ ಕೈಯಲ್ಲಿದ್ದ ಮೊರ ಜಾರಿ ಅಕ್ಕಿಯೆಲ್ಲ ಚೆಲ್ಲಿತು. ಮೈಮೇಲೆ ಖಾಕಿ ಇರಲಿಲ್ಲ, ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಆದರೂ ಗುರುತು ಸಿಕ್ಕಿತು. ನಲವತ್ತಾರು ವರ್ಷಗಳ ಹಿಂದೆ ನಾಹೀದಾಳ ಹೆಣ ಹುಡುಕಿದ್ದ ಪೊಲೀಸ್ ರಾಮಾಂಜನೇಯ.

"ಮುರ್ತುಜಾಸಾಬ ಅದಾನೇನ್ರಿ, ಅಕ್ಕಾರ?"

ಇಲ್ಲ ಎಂದುಬಿಡೋಣವೆಂದುಕೊಂಡಳು. ಅಷ್ಟರಲ್ಲಿ ಗಂಡ ತಾನೇ ಹೊರಗೆ ಬಂದು, ಬರ್ರಿ ಎಂದು ಮಂಚ ತೋರಿಸಿದ.

ಎಪ್ಪತ್ತರ ದಶಕದಲ್ಲಿ ಗಂಗಾವತಿಯಲ್ಲಿ ಮದುವೆ ಎಂದರೆ ಮುರ್ತುಜಾಸಾಬನ ಆರ್ಕೆಸ್ಟ್ರಾ ಇರಲೇಬೇಕು. ಈ ವಾರ ರೇಡಿಯೊದಲ್ಲಿ ಹಿಟ್ ಆದ ಹಾಡು ಮುಂದಿನ ವಾರ ಅವನ ವೇದಿಕೆಯಲ್ಲಿ. ಹೆಣ್ಣುದನಿಯ ಹಾಡುಗಳೆಲ್ಲ ನಾಹೀದಾಳವು. ಗೋಷಾದ ಹುಡುಗಿ, ಹಸಿರು ಪರದೆಯ ಹಿಂದಿನಿಂದಲೇ ಹಾಡುತ್ತಿದ್ದಳು. ಆ ಪರದೆ ಸರಿಸುವ ಧೈರ್ಯ ಯಾವ ಗಂಡಸಿಗೂ ಇರಲಿಲ್ಲ. ಸರಿಸಿದ್ದರೆ ಊರೇ ಅವನ ಕೈ ಮುರಿಯುತ್ತಿತ್ತು. ಕಾವಲಿಗೆಂದು ಒಳಗೆ ಹೋಗುತ್ತಿದ್ದವನು ಮುರ್ತುಜಾಸಾಬನೊಬ್ಬನೇ. ಮುಖ ನೋಡದೆಯೇ ಅರ್ಧ ಊರು ಮರುಳಾಗಿತ್ತು. ಅಕ್ಕಿ ಗಿರಣಿಯ ಸಾಹುಕಾರರು ಪರದೆಯ ಕೆಳಗಿನಿಂದ ಬಳೆಯ ಕಟ್ಟು, ಮಲ್ಲಿಗೆ ದಂಡೆ ತಳ್ಳುತ್ತಿದ್ದರು.

ಹಜರತಬೀಯೊಡನೆ ಮುರ್ತುಜಾಸಾಬನ ನಿಕಾಹ್ ಆದ ವಾರವೇ ನಾಹೀದಾ ಕಾಣೆಯಾದಳು. ಆರ್ಕೆಸ್ಟ್ರಾ ಮುಚ್ಚಿತು. ಹೈದರಾಬಾದಿಗೆ ಹೋದಳು ಎಂದ ಮುರ್ತುಜಾಸಾಬ. ವಾದ್ಯದವರು ಬಾಯಿ ಬಿಡಲಿಲ್ಲ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಕಟ್ಟಿಕೊಂಡವಳು ಬಂದಳು, ಇಟ್ಟುಕೊಂಡವಳನ್ನು ಕಾಲುವೆಗೆ ನೂಕಿದ ಎಂದಿತು ಊರು. ಬೇಸಿಗೆಯಲ್ಲಿ ಕಾಲುವೆಯ ನೀರು ನಿಲ್ಲಿಸಿದಾಗ ರಾಮಾಂಜನೇಯ ನಿಂತು ತಳದ ಕೆಸರು ಕೆದಕಿಸಿದ. ಏನೂ ಸಿಗಲಿಲ್ಲ.

ಸಿಕ್ಕಿದ್ದು ಹಜರತಬೀಗೆ. ಗಂಡನ ಟ್ರಂಕಿನ ತಳದಲ್ಲಿ ಆ ಹಸಿರು ಪರದೆ, ಅದರೊಳಗೆ ಸುತ್ತಿದ ಕಾಗದವನ್ನೂ ಬಿಚ್ಚದ ಗಾಜಿನ ಬಳೆಗಳು. ಹೈದರಾಬಾದಿಗೆ ಹೋಗುವವಳು ಬಳೆ ಬಿಟ್ಟು ಹೋಗುತ್ತಾಳೆಯೇ? ಹಜರತಬೀ ಎಲ್ಲವನ್ನೂ ಇದ್ದ ಹಾಗೆಯೇ ಸುತ್ತಿಟ್ಟಳು. ಯಾರಿಗೂ ಹೇಳಲಿಲ್ಲ.

ಅಂದಿನಿಂದ ಅವಳಿಗೆ ಹೆದರಿಕೆ. ಗಂಡ ಒಳ್ಳೆಯವನೇ, ಒಂದು ದಿನವೂ ಕೈ ಎತ್ತಿದವನಲ್ಲ. ಆದರೆ ಹಾಡಿನ ಮಾತು ಬಂದರೆ ಎದ್ದು ಹೋಗುತ್ತಿದ್ದ. ಮಕ್ಕಳಿಗೂ ಒಂದು ಜೋಗುಳ ಹಾಡಲಿಲ್ಲ. ಪ್ರತಿ ಬೇಸಿಗೆ ಕಾಲುವೆ ಬತ್ತಿದಾಗ, ಈ ಸಲ ಏನಾದರೂ ಮೇಲೆ ಬಂದು ಪೊಲೀಸರು ತನ್ನ ಗಂಡನನ್ನು ಒಯ್ಯುತ್ತಾರೆ ಎಂದು ಅವಳು ನಡುಗುತ್ತಿದ್ದಳು.

ರಾಮಾಂಜನೇಯ ಚೀಲದಿಂದ ಹಳೆಯ ಟೇಪ್ ರೆಕಾರ್ಡರ್ ತೆಗೆದು ಮಂಚದ ಮೇಲಿಟ್ಟ. ಅವನ ಮಗಳು ಸುರೇಖಾ ಎಪ್ಪತ್ತರ ದಶಕದ ಹಿಟ್ ಹಾಡುಗಳನ್ನು ಹುಡುಕಿ ವಾಟ್ಸಾಪಿನಲ್ಲಿ ಹಾಕುತ್ತಾಳಂತೆ. ಯಾರದೋ ಮದುವೆಯಲ್ಲಿ ತುಂಬಿಕೊಂಡಿದ್ದ ನಾಹೀದಾಳ ಕ್ಯಾಸೆಟ್ಟು ಸಿಕ್ಕಿತಂತೆ. ಈಗ ಊರೆಲ್ಲ ಮತ್ತೆ ಅದೇ ಪ್ರಶ್ನೆ ಕೇಳುತ್ತಿದೆಯಂತೆ.

ಗುಂಡಿ ಒತ್ತಿದ. ಜೇನಿನಂಥ ದನಿ ಮನೆ ತುಂಬಿತು. ಎರಡು ಸಾಲು ಮುಗಿದು ಮೂರನೆಯದರ ನಡುವೆ ರೀಲು ಸಿಕ್ಕಿಕೊಂಡು ಹಾಡು ಕರ್ರೆಂದು ನಿಂತಿತು.

"ಮಲ್ಲಗಿ ದಂಡಿ ನಾನೂ ಕಳಿಸಿದಾವನ," ರಾಮಾಂಜನೇಯ ತಲೆ ತಗ್ಗಿಸಿ ಹೇಳಿದ. "ಡಾಕ್ಟರ್ ನನ್ನ ಕೈ ಬಿಟ್ಟಾರ. ಹೋಗೂ ಮುಂಚೆ ಖರೆ ಹೇಳಿಬಿಡು. ಆಕೀನ ಏನ್ ಮಾಡಿದಿ?"

ಮುರ್ತುಜಾಸಾಬ ನಿಂತುಹೋದ ಟೇಪ್ ರೆಕಾರ್ಡರಿನ ಮೇಲೆ ಕೈಯಾಡಿಸಿದ. "ಮುಗಿಸಿದಾವ ನಾನಽ ಸಾಹೇಬ್ರ. ನಿಕಾಹ್ ಆದಮ್ಯಾಗ ಈ ಮನ್ಯಾಗ ಆಕೀಗೆ ಜಾಗ ಇರಲಿಲ್ಲ."

ಹಜರತಬೀ ಓಡಿಬಂದು ರಾಮಾಂಜನೇಯನ ಕಾಲ ಬಳಿ ಕುಸಿದಳು. "ಒಯ್ಯಬ್ಯಾಡ್ರಿ. ವಯಸ್ಸಾಗೈತಿ. ಜೇಲಿನ್ಯಾಗ ಉಳಿಯಂಗಿಲ್ಲ ಅವರು."

ಮುರ್ತುಜಾಸಾಬ ಬೆಚ್ಚಿ ಹೆಂಡತಿಯನ್ನು ನೋಡಿದ. "ನೀನೂ ಹಂಗಽ ತಿಳಕೊಂಡಿದ್ದೇನು? ಇಷ್ಟು ವರ್ಷ?"

ಅವಳು ಅಳುತ್ತ ಹೌದೆಂದು ತಲೆಯಾಡಿಸಿದಳು. ಅವನ ಮುಖ ಬಾಡಿತು. ಊರು ಕೊಲೆಗಾರ ಎಂದಾಗಲೂ ಅದು ಹೀಗೆ ಬಾಡಿರಲಿಲ್ಲ.

"ಊರು ನಗತೈತಿ ಅಂತ ಅಂಜಿದೆ," ಎಂದ. "ಟ್ರಂಕಿನ್ಯಾಗಿನ ಪರದೆ ತಾ."

ಹಜರತಬೀ ಎದ್ದು ಹೋಗಿ ತಂದುಕೊಟ್ಟಳು. ಒಳಕೋಣೆಗೆ ಇದ್ದದ್ದು ಒಂದೇ ಬಾಗಿಲು, ಕಿಟಕಿಯೂ ಇಲ್ಲ. ಮುರ್ತುಜಾಸಾಬ ಆ ಬಾಗಿಲಿಗೆ ಪರದೆ ಇಳಿಬಿಟ್ಟು ಒಬ್ಬನೇ ಒಳಗೆ ಹೋದ. ನೇಣು ಹಾಕಿಕೊಳ್ಳುತ್ತಾನೆಯೇ ಎಂದು ಹಜರತಬೀ ಹೆದರಿದಳು. ಓಡಿಹೋಗಿ ಪರದೆಗೆ ಕೈ ಹಾಕಿದಳು.

ಅಷ್ಟರಲ್ಲಿ ಪರದೆಯ ಹಿಂದಿನಿಂದ, ಟೇಪು ನಿಂತಿದ್ದ ಸಾಲಿನಿಂದಲೇ, ನಾಹೀದಾ ಹಾಡು ಮುಂದುವರಿಸಿದಳು.