ಹಳೇದೇ ಓಡಬೇಕು

“ಮತ್ತ ಕೆಟ್ಟದ ನೋಡ್ರಿ ಅಣ್ಣಾರ,” ಎನ್ನುತ್ತ ಸಾಬೇರಾ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಳು.

ನೀಲಕಂಠ ಹಣೆ ಚಚ್ಚಿಕೊಂಡ. ಶಹಾಪುರ ಬಸ್‌ಸ್ಟ್ಯಾಂಡಿನ ಎದುರು ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ಸುತ್ತಮುತ್ತಲ ಊರುಗಳಿಗೆಲ್ಲ ಅವನೇ ಗತಿ. ಆದರೆ ಸುರಪುರದಿಂದ ಬರುವ ಈ ಹುಡುಗಿಯಷ್ಟು ಹಟಮಾರಿ ಗಿರಾಕಿಯನ್ನು ಅವನು ಕಂಡಿರಲಿಲ್ಲ. ಲ್ಯಾಪ್‌ಟಾಪು ಹೊಚ್ಚಹೊಸದು. ಅದರಲ್ಲಿ ಓಬೀರಾಯನ ಕಾಲದ ಆಫೀಸ್ ಸಾಫ್ಟ್‌ವೇರೇ ಓಡಬೇಕೆಂಬ ಪಟ್ಟು.

ಮೊದಲ ಸಲ ಅದು ಇನ್‌ಸ್ಟಾಲೇ ಆಗುತ್ತಿರಲಿಲ್ಲ. ಹಳೆಯ ಕಂಪ್ಯೂಟರಿನಲ್ಲೇ ಇದ್ದೇನೆಂದು ಸಾಫ್ಟ್‌ವೇರ್ ನಂಬುವಂತೆ ಸೆಟ್ಟಿಂಗ್ ಬದಲಿಸಿ ನೀಲಕಂಠ ಓಡಿಸಿಕೊಟ್ಟ. ಮರುವಾರ ಕನ್ನಡ ಅಕ್ಷರಗಳೆಲ್ಲ ಚೌಕಗಳಾಗಿದ್ದವು. ಆಮೇಲೊಮ್ಮೆ ಪ್ರಿಂಟ್ ಬರಲಿಲ್ಲ. ಇವತ್ತು ತೆರೆದ ಕೂಡಲೇ ಮುಚ್ಚಿಹೋಗುತ್ತಿತ್ತು.

“ಹೊಸಾದು ಹಾಕ್ಸವಾ. ಈ ಹಳೇದಕ್ಕ ಯಾಕ ಗಂಟುಬಿದ್ದಿ?”

“ನಮ್ಮ ಅಬ್ಬಾ ತಂದದ್ದದ್ರಿ. ಹಳೇದಾಗ್ಯದ ಅಂತ ಯಾರೋ ಅಂದ್ರ ಬಿಟ್ಟುಬಿಡ್ಲೇನು? ಇದೇ ಓಡಬೇಕು.”

“ಆತು. ಇಟ್ಟು ಹೋಗು, ಸಂಜಿಗೆ ಬಾ.”

“ಇಲ್ರಿ. ಪ್ರತಿ ಸಲದಂಗ ನನ್ನ ಕಣ್ಣೆದುರಿಗೇ ಆಗಬೇಕು.”

ತನ್ನ ಮೇಲೆ ನಂಬಿಕೆಯೇ ಇಲ್ಲವಲ್ಲ ಎಂದು ಅವನಿಗೆ ಸಿಟ್ಟು ಬಂತು. ಆದರೂ ಕೆಲಸ ಶುರು ಹಚ್ಚಿಕೊಂಡ. ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಏನು ಒತ್ತಿದಿರಿ, ಯಾಕೆ ಒತ್ತಿದಿರಿ ಎಂದು ಪೊಲೀಸರಂತೆ ಕೇಳಿದಳು. ಅವನು ಗೊಣಗುತ್ತಲೇ ಉತ್ತರಿಸಿದ. ಕೊನೆಗೆ ಸಾಫ್ಟ್‌ವೇರ್ ತೆರೆದು ನಿಂತಿತು.

“ಇನ್ನೊಮ್ಮೆ ಕೆಟ್ರ ಈ ಕಡಿ ಬರಬ್ಯಾಡ,” ಎಂದ.

“ಬರಂಗಿಲ್ರಿ,” ಎಂದಳು ಸಾಬೇರಾ.

ನಿಜಕ್ಕೂ ಬರಲಿಲ್ಲ. ನೀಲಕಂಠನಿಗೆ ಪೀಡೆ ತೊಲಗಿದಂತಾಯಿತು. ಆದರೆ ಕೆಲವೇ ತಿಂಗಳಲ್ಲಿ ಸುರಪುರದ ಉಳಿದ ಗಿರಾಕಿಗಳೂ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಅಲ್ಲಿನ ಶಾಲೆಯೊಂದರ ಗುಮಾಸ್ತ ಮಲ್ಕಪ್ಪನಿಗೆ ಫೋನ್ ಹಚ್ಚಿದರೆ, “ಈಗ ನಮ್ಮ ಊರಾಗೇ ಮಾಡಿಕೊಡ್ತಾರ್ರಿ. ಹಳೇದನ್ನೂ ಓಡಸ್ತಾರ,” ಎಂದ.

ನೀಲಕಂಠ ಸುರಪುರದ ಬಸ್ಸು ಹತ್ತಿದ.

ಮಲ್ಕಪ್ಪ ಹೇಳಿದ ಓಣಿಯಲ್ಲಿ ಒಂದು ಚಿಕ್ಕ ಅಂಗಡಿ. ಬಾಗಿಲಲ್ಲೇ ಜನ. ಒಳಗೆ ಬಿಚ್ಚಿಟ್ಟ ಕಂಪ್ಯೂಟರುಗಳ ನಡುವೆ ಕುಳಿತಿದ್ದವಳು ಸಾಬೇರಾ.

“ನೀನಾ?” ಅವನ ದನಿ ಏರಿತು. “ಯಾರ ಕೈಯಾಗ ಕಲ್ತಿ?”

ಅವಳು ಎದ್ದು ಅವನಿಗೆ ಕುರ್ಚಿ ಸರಿಸಿದಳು.

“ಹೋದ ವರ್ಷ ನಿಮಗ ಫೋನ್ ಮಾಡಿದ್ದೆ ಅಣ್ಣಾರ. ಕೆಲಸ ಕಲಸ್ರಿ ಅಂದಿದ್ದೆ. ಹೆಣ್ಮಕ್ಕಳಿಗೆ ಕಲಸಂಗಿಲ್ಲ ಅಂದು ಇಟ್ಟುಬಿಟ್ರಿ.”

“ಅದಕ್ಕ?”

“ಗಿರಾಕಿಗೆ ಇಲ್ಲ ಅನ್ನಂಗಿಲ್ಲಲ್ರಿ. ಪ್ರತಿ ಸಲ ನಾನೇ ಕೆಡಿಸ್ಕೊಂಡು ಬರ್ತಿದ್ದೆ.”